ಸೇವಾ ಕ್ಲಬ್ಬಿನ ಕೆಲಸ ಮತ್ತು ಒಡನಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಒಂದು ಸೇವಾ ಕ್ಲಬ್ಬಿನ ಸದಸ್ಯನಾಗಿದ್ದೇನೆ. ಎರಡು ಬಾರಿ ಕಾರ್ಯದರ್ಶಿ, ಒಮ್ಮೆ ಅಧ್ಯಕ್ಷ, ಉಳಿದ ವರ್ಷಗಳಲ್ಲಿ ಸಾಮಾನ್ಯ ಸದಸ್ಯ. ಈ ಅವಧಿಯಲ್ಲಿ ಹೊಸಬರು, ಹಳಬರು, ಸೇರಲೋ ಬೇಡವೋ ಎಂದು ತೂಗುತ್ತಿದ್ದವರು ನೇರವಾಗಿಯೂ ಪತ್ರಗಳಲ್ಲಿಯೂ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಸೇರುವ ಮುನ್ನ

ಸೇವಾ ಕ್ಲಬ್ ಅಂದರೆ ಏನು? ಒಳ್ಳೆಯ ಸಂಸ್ಥೆಗೆ ದೇಣಿಗೆ ಕೊಟ್ಟರೆ ಸಾಲದೇ?

ದೇಣಿಗೆ ಕೊಡುವುದು ಒಳ್ಳೆಯದೇ, ಅದನ್ನು ನಿಲ್ಲಿಸಬೇಡಿ. ಆದರೆ ಸೇವಾ ಕ್ಲಬ್ಬು ಕೇಳುವುದು ಹಣಕ್ಕಿಂತ ಹೆಚ್ಚಾಗಿ ನಿಮ್ಮ ಸಮಯವನ್ನು. ಬೇರೆ ಬೇರೆ ಉದ್ಯೋಗದ ಒಂದಷ್ಟು ಜನ ನಿಯಮಿತವಾಗಿ ಸೇರುತ್ತಾರೆ, ತಮ್ಮ ಸುತ್ತ ಕಾಣುವ ಕೊರತೆಯೊಂದನ್ನು ಆರಿಸಿಕೊಳ್ಳುತ್ತಾರೆ, ಅದನ್ನು ನೀಗಿಸಲು ತಾವೇ ಹೊರಡುತ್ತಾರೆ. ಸದಸ್ಯರಲ್ಲಿ ಯಾರಿಗೂ ಸಂಬಳವಿಲ್ಲ. ರೋಟರಿ, ಲಯನ್ಸ್, ಕಿವಾನಿಸ್, ಜೇಸಿ, ಇನ್ನರ್ ವೀಲ್ ಮುಂತಾದವು ಹಲವು ದೇಶಗಳಲ್ಲಿ ಹರಡಿರುವ ದೊಡ್ಡ ಹೆಸರುಗಳು. ಯಾವ ದೊಡ್ಡ ಸಂಸ್ಥೆಗೂ ಸೇರದ, ತಮ್ಮ ಪಾಡಿಗೆ ಕೆಲಸ ಮಾಡುವ ಕ್ಲಬ್ಬುಗಳೂ ಇವೆ. ದೇಣಿಗೆ ಕೊಟ್ಟವರಿಗೆ ರಸೀದಿ ಬರುತ್ತದೆ. ಇಲ್ಲಿ ದುಡಿದವರಿಗೆ ಫಲ ಪಡೆದವರ ಮುಖವೂ ಜೊತೆಗೆ ದುಡಿದವರ ಮುಖವೂ ಪರಿಚಯವಾಗುತ್ತದೆ.

ಇವು ನಿಜಕ್ಕೂ ಸೇವೆಗಾಗಿ ಹುಟ್ಟಿದವೇ, ಅಥವಾ ವ್ಯಾಪಾರಸ್ಥರು ಸೇರಿಕೊಳ್ಳಲು ಮಾಡಿಕೊಂಡ ಕೂಟಗಳೇ?

ಮೊದಲು ಹುಟ್ಟಿದ್ದು ಒಡನಾಟ, ಸೇವೆ ಅದರ ಬೆನ್ನಿಗೆ ಬಂತು. ಅದನ್ನು ಮುಚ್ಚಿಡಬೇಕಾಗಿಲ್ಲ. ಪಾಲ್ ಹ್ಯಾರಿಸ್ ಎಂಬ ವಕೀಲರು ಬೆಳೆದದ್ದು ಚಿಕ್ಕ ಊರಿನಲ್ಲಿ. ಶಿಕಾಗೊದಂಥ ಮಹಾನಗರದಲ್ಲಿ ವೃತ್ತಿ ಹಿಡಿದ ಮೇಲೆ ಕಕ್ಷಿದಾರರು ಸಿಕ್ಕರು, ಗೆಳೆಯರು ಸಿಗಲಿಲ್ಲ. 1905ರ ಫೆಬ್ರುವರಿ 23ರಂದು ಅವರು ಇನ್ನೂ ಮೂವರೊಡನೆ ಒಬ್ಬರ ಕಚೇರಿಯಲ್ಲಿ ಕೂತು ಮಾತಾಡಿದರು. ಮುಂದಿನ ಸಭೆ ಮತ್ತೊಬ್ಬರ ಕಚೇರಿಯಲ್ಲಿ, ಅದರ ಮುಂದಿನದು ಇನ್ನೊಬ್ಬರಲ್ಲಿ. ಹೀಗೆ ಸರದಿಯ ಮೇಲೆ ಸುತ್ತುತ್ತಿದ್ದುದರಿಂದಲೇ ರೋಟರಿ ಎಂಬ ಹೆಸರು ಬಂತು. ಕೆಲವೇ ವರ್ಷಗಳಲ್ಲಿ ಆ ಗೆಳೆಯರ ಗುಂಪು ಕೈಗೆತ್ತಿಕೊಂಡ ಮೊದಲ ಸಾರ್ವಜನಿಕ ಕೆಲಸ ಯಾವುದು ಗೊತ್ತೇ? ನಗರದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸುವುದು. ನನಗೆ ಆ ಆಯ್ಕೆಯ ಬಗ್ಗೆ ಇವತ್ತಿಗೂ ಗೌರವವಿದೆ. ಅದು ಹೆಸರು ತರುವ ಕೆಲಸವಲ್ಲ, ಬೀದಿಯಲ್ಲಿ ಓಡಾಡುವವರಿಗೆ ಬೇಕಾಗಿದ್ದ ಕೆಲಸ.

1915ರಲ್ಲಿ ಡೆಟ್ರಾಯ್ಟ್‌ನಲ್ಲಿ ಹುಟ್ಟಿದ ಕಿವಾನಿಸ್ ಕೂಡ ಮೊದಮೊದಲು ವ್ಯಾಪಾರಿಗಳು ಒಬ್ಬರಿಗೊಬ್ಬರು ನೆರವಾಗುವ ಕೂಟವೇ ಆಗಿತ್ತು. 1917ರಲ್ಲಿ ಶಿಕಾಗೊದ ವಿಮಾ ವ್ಯವಹಾರಸ್ಥ ಮೆಲ್ವಿನ್ ಜೋನ್ಸ್ ತಮ್ಮ ವ್ಯಾಪಾರಿ ಗೆಳೆಯರ ಮುಂದೆ ಒಂದು ಪ್ರಶ್ನೆ ಇಟ್ಟರು: ಇಷ್ಟು ಸಾಮರ್ಥ್ಯವಿರುವ ನಾವು ಅದನ್ನು ಲಾಭದಾಚೆಗೆ ಏಕೆ ಬಳಸಬಾರದು? ಲಯನ್ಸ್ ಹುಟ್ಟಿದ್ದು ಆ ಪ್ರಶ್ನೆಯಿಂದ.

ಯಾರಾದರೂ ಕರೆಯುವವರೆಗೆ ಕಾಯಬೇಕೇ?

ಕಾಯಬೇಕಾಗಿಲ್ಲ. ಸದಸ್ಯರೊಬ್ಬರು ಪರಿಚಯಿಸಿ ಮಂಡಳಿ ಒಪ್ಪುವ ಪದ್ಧತಿ ಬಹಳ ಕಡೆ ಇದೆ ನಿಜ. ಆದರೆ ಅತಿಥಿಯಾಗಿ ಬರುತ್ತೇನೆ ಎಂದವರಿಗೆ ಬಾಗಿಲು ಹಾಕುವ ಕ್ಲಬ್ಬನ್ನು ನಾನು ಕಂಡಿಲ್ಲ. ಕಾರ್ಯದರ್ಶಿಗೆ ಒಂದು ಪತ್ರ ಬರೆಯಿರಿ. ಸಭೆಗಿಂತ ಮೊದಲು ಒಂದು ಶ್ರಮದಾನಕ್ಕೋ ಶಿಬಿರಕ್ಕೋ ಹೋಗಿ ಎಂಬುದು ನನ್ನ ಸಲಹೆ. ಸಭೆಯಲ್ಲಿ ಎಲ್ಲರೂ ಚೆನ್ನಾಗಿಯೇ ಮಾತಾಡುತ್ತಾರೆ. ಬಿಸಿಲಿನಲ್ಲಿ ನಾಲ್ಕು ಗಂಟೆ ಕೆಲಸ ಮಾಡಿದ ಮೇಲೆ ಒಬ್ಬರೊಂದಿಗೊಬ್ಬರು ಹೇಗೆ ನಡೆದುಕೊಳ್ಳುತ್ತಾರೆ ಎಂದು ನೋಡಿದರೆ ಆ ಕ್ಲಬ್ಬು ನಿಮಗೆ ಹೊಂದುತ್ತದೆಯೇ ಎಂದು ತಿಳಿಯುತ್ತದೆ.

ನಾನು ಅನುಕೂಲಸ್ಥನಲ್ಲ. ದುಡ್ಡಿದ್ದವರ ನಡುವೆ ನನಗೇನು ಕೆಲಸ?

ಈ ಪ್ರಶ್ನೆಯನ್ನು ತಗ್ಗಿದ ದನಿಯಲ್ಲಿ ಕೇಳುವವರೇ ಹೆಚ್ಚು. ಸದಸ್ಯತ್ವದ ಶುಲ್ಕ ಇರುತ್ತದೆ. ಅದರಲ್ಲಿ ಒಂದು ಪಾಲು ಮೇಲಿನ ಸಂಸ್ಥೆಗೆ, ಉಳಿದದ್ದು ಸಭೆಯ ಖರ್ಚಿಗೆ ಹೋಗುತ್ತದೆ. ಸೇರುವ ಮುನ್ನ ಒಟ್ಟು ಮೊತ್ತವೆಷ್ಟು, ಕಂತಿನಲ್ಲಿ ಕಟ್ಟಬಹುದೇ, ಇದರ ಮೇಲೆ ಆಗಾಗ ವಂತಿಗೆ ಎತ್ತುತ್ತಾರೆಯೇ ಎಂದು ನೇರವಾಗಿ ಕೇಳಿ. ಹಾಗೆ ಕೇಳುವುದರಲ್ಲಿ ಸಣ್ಣತನವೇನೂ ಇಲ್ಲ. ಕೇಳಿದವರನ್ನು ಕೀಳಾಗಿ ಕಾಣುವ ಕಡೆ ನೀವು ಇರಬೇಕಾಗಿಯೂ ಇಲ್ಲ.

ಇನ್ನು ಕೆಲಸದ ಮಾತು. ನಮ್ಮಲ್ಲಿ ಅತಿ ಹೆಚ್ಚು ಬೇಡಿಕೆ ಇದ್ದ ಸದಸ್ಯ ಒಬ್ಬ ಎಲೆಕ್ಟ್ರಿಷಿಯನ್. ಯಾವ ಕಟ್ಟಡಕ್ಕೆ ಹೋದರೂ ಮೊದಲು ಸ್ವಿಚ್ಚಿನ ಫಲಕ ನೋಡುತ್ತಿದ್ದರು. ವೃದ್ಧಾಶ್ರಮವೊಂದರಲ್ಲಿ ನಾವು ಹೊದಿಕೆ ಹಂಚುತ್ತಿದ್ದಾಗ ಅವರು ಸ್ನಾನದ ಮನೆಯ ಬಿಸಿನೀರಿನ ಯಂತ್ರಕ್ಕೆ ಭೂಸಂಪರ್ಕದ ತಂತಿಯೇ ಇಲ್ಲದ್ದನ್ನು ಕಂಡುಹಿಡಿದು ಅಂದೇ ಸರಿಪಡಿಸಿದರು. ಆ ದಿನ ನಾವು ಮಾಡಿದ ದೊಡ್ಡ ಕೆಲಸ ಅದೇ.

ಮಹಿಳೆಯರಿಗೆ ಎಲ್ಲ ಕಡೆ ಪ್ರವೇಶ ಇದೆಯೇ? ಯುವಜನರಿಗೆ?

ಈಗ ಇದೆ. ಹಿಂದೆ ಇರಲಿಲ್ಲ, ಅದು ಈ ಸಂಸ್ಥೆಗಳ ಚರಿತ್ರೆಯ ದೊಡ್ಡ ಕೊರತೆ. ಕ್ಯಾಲಿಫೋರ್ನಿಯಾದ ಡುವಾರ್ಟೆ ಎಂಬಲ್ಲಿನ ರೋಟರಿ ಕ್ಲಬ್ಬು 1977ರಲ್ಲಿ ಮೂವರು ಮಹಿಳೆಯರನ್ನು ಸೇರಿಸಿಕೊಂಡದ್ದಕ್ಕೆ ತನ್ನ ಮಾನ್ಯತೆಯನ್ನೇ ಕಳೆದುಕೊಂಡಿತು. ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1987ರ ಮೇ 4ರಂದು ಮಹಿಳೆಯರ ಪರವಾಗಿ ತೀರ್ಪು ಬಂತು. ಅದೇ ವರ್ಷ ಲಯನ್ಸ್ ಬಾಗಿಲು ತೆರೆಯಿತು. 1989ರಲ್ಲಿ ರೋಟರಿ ತನ್ನ ನಿಯಮವನ್ನೇ ಜಗತ್ತಿನಾದ್ಯಂತ ಬದಲಿಸಿತು. 2022ರಲ್ಲಿ ಜೆನಿಫರ್ ಜೋನ್ಸ್ ಆ ಸಂಸ್ಥೆಯ ಮೊದಲ ಮಹಿಳಾ ಅಂತರರಾಷ್ಟ್ರೀಯ ಅಧ್ಯಕ್ಷರಾದರು. ಮಹಿಳೆಯರು ಅಲ್ಲಿಯವರೆಗೆ ಸುಮ್ಮನೆ ಕಾದಿರಲಿಲ್ಲ ಎಂಬುದನ್ನೂ ಹೇಳಬೇಕು. ಮಾರ್ಗರೆಟ್ ಗೋಲ್ಡಿಂಗ್ 1924ರಲ್ಲೇ ಮ್ಯಾಂಚೆಸ್ಟರಿನಲ್ಲಿ ಇನ್ನರ್ ವೀಲ್ ಕಟ್ಟಿದ್ದರು.

ಯುವಜನರಿಗೆ ರೋಟರಿ ಬಳಗದಲ್ಲಿ 1962ರಿಂದ ಇಂಟರಾಕ್ಟ್, 1968ರಿಂದ ರೋಟರಾಕ್ಟ್, ಲಯನ್ಸ್ ಬಳಗದ ಲಿಯೊ ಕ್ಲಬ್ಬುಗಳು ಇವೆ. ಜೇಸಿ ಸಂಸ್ಥೆಯಂತೂ 18ರಿಂದ 40ರ ವಯಸ್ಸಿನವರಿಗಾಗಿಯೇ ಇರುವುದು.

## ಮೊದಲ ವರ್ಷ

ಸೇರಿ ನಾಲ್ಕು ತಿಂಗಳಾಯಿತು. ಎಲ್ಲರೂ ಹಳೆಯ ಗೆಳೆಯರು, ನಾನು ಮಾತ್ರ ಮೂಲೆಯಲ್ಲಿ ಕೂತು ಎದ್ದು ಬರುತ್ತೇನೆ. ಏನು ಮಾಡಲಿ?

ತಪ್ಪು ನಿಮ್ಮದಲ್ಲ. ಹೊಸಬರನ್ನು ಕರೆತರುವ ಉತ್ಸಾಹ ಅವರನ್ನು ಕೂರಿಸಿಕೊಂಡು ಮಾತಾಡಿಸುವಾಗ ಇರುವುದಿಲ್ಲ. ಹಳಬರು ಗಮನಿಸುವವರೆಗೆ ಕಾಯದೆ ಒಂದು ನಿರ್ದಿಷ್ಟ ಕೆಲಸ ಕೇಳಿ ಪಡೆಯಿರಿ. ಶಿಬಿರಗಳಲ್ಲಿ ನೋಂದಣಿ ಮೇಜು ಇದಕ್ಕೆ ತಕ್ಕ ಜಾಗ. ಮೇಜಿಗೆ ದಾರದಿಂದ ಕಟ್ಟಿದ ಪೆನ್ನು, ಅರ್ಜಿಗಳ ಕಟ್ಟು, ಕನ್ನಡಕ ಮರೆತು ಬಂದ ಹಿರಿಯರಿಗೆ ನೀವೇ ಓದಿ ಹೇಳಿ ತುಂಬಿಸಬೇಕಾದ ಖಾನೆಗಳು. ಮಧ್ಯಾಹ್ನದ ಹೊತ್ತಿಗೆ ಕ್ಲಬ್ಬಿನ ಪ್ರತಿಯೊಬ್ಬ ಸದಸ್ಯರೂ ಏನಾದರೂ ಕೇಳಲು ನಿಮ್ಮ ಬಳಿಗೆ ಬಂದಿರುತ್ತಾರೆ. ಎದುರುಬದುರು ಕೂತಾಗ ಹುಟ್ಟದ ಮಾತು, ಅಕ್ಕಪಕ್ಕ ನಿಂತು ಕುರ್ಚಿ ಮಡಿಸುವಾಗ ತಾನಾಗಿ ಹೊರಡುತ್ತದೆ.

ಆಮೇಲೆ ಒಂದು ಸಣ್ಣ ರೂಢಿ. ಸಭೆಯಲ್ಲಿ ಪ್ರತಿ ಬಾರಿ ಬೇರೆಯವರ ಪಕ್ಕ ಕೂರಿ.

ಎಷ್ಟು ಸಮಯ ಕೊಡಬೇಕಾಗುತ್ತದೆ?

ತಿಂಗಳಿಗೆ ಎರಡು ಸಭೆ, ಒಂದು ಕೆಲಸದ ದಿನ ಎಂದು ಇಟ್ಟುಕೊಳ್ಳಿ. ಕೆಲವು ಕ್ಲಬ್ಬುಗಳು ವಾರವಾರ ಸೇರುತ್ತವೆ. ಪದಾಧಿಕಾರಿಯಾದರೆ ಇದರ ಮೂರು ಪಟ್ಟು. ಸೇರುವಾಗಲೇ ನಿಮಗೆ ಬಿಡುವಿಲ್ಲದ ತಿಂಗಳುಗಳನ್ನು ತಿಳಿಸಿಬಿಡಿ. ಬರುತ್ತೇನೆ ಎಂದು ಬಾರದಿರುವುದಕ್ಕಿಂತ ಅದು ಎಲ್ಲರಿಗೂ ಅನುಕೂಲ.

ಮನೆಯವರಿಗೆ ಇದು ಇಷ್ಟವಿಲ್ಲ. "ಊರಿಗೆಲ್ಲ ಉಪಕಾರ, ಮನೆಗೆ ಬಿಡುವಿಲ್ಲ" ಎನ್ನುತ್ತಾರೆ.

ಅವರ ಮಾತಿನಲ್ಲಿ ಸತ್ಯ ಇರುವ ಸಾಧ್ಯತೆಯೇ ಹೆಚ್ಚು, ಮೊದಲು ಅದನ್ನು ಒಪ್ಪಿಕೊಳ್ಳಿ. ಕುಟುಂಬವನ್ನು ವರ್ಷಕ್ಕೊಮ್ಮೆ ಔತಣಕ್ಕೆ ಕರೆದು ಕೈತೊಳೆದುಕೊಳ್ಳುವ ಕ್ಲಬ್ಬಿನಲ್ಲಿ ಈ ದೂರು ಎಂದಿಗೂ ನಿಲ್ಲದು. ಕೆಲಸಕ್ಕೂ ಕರೆಯಬೇಕು. ಗ್ರಂಥಾಲಯದ ಪುಸ್ತಕಗಳಿಗೆ ರಟ್ಟು ಹಾಕುವ ಒಂದು ಭಾನುವಾರ ನಮ್ಮ ಮಕ್ಕಳೆಲ್ಲ ಬಂದಿದ್ದರು. ಗೋಂದು ಮೆತ್ತಿದ ಬೆರಳುಗಳಲ್ಲಿ ಪುಸ್ತಕ ತಿರುವುತ್ತ ಅರ್ಧದಷ್ಟು ಹೊತ್ತು ಓದುತ್ತಲೇ ಕೂತರು. ರಟ್ಟು ಹಾಕಿದ್ದು ಕಡಿಮೆಯೇ, ಆದರೆ ಅಪ್ಪ ಅಮ್ಮ ಭಾನುವಾರ ಎಲ್ಲಿಗೆ ಹೋಗುತ್ತಾರೆ ಎಂಬುದು ಅವರಿಗೆ ಅಂದಿನಿಂದ ಗೊತ್ತಾಯಿತು. ಮನೆಯಲ್ಲಿ ಕಾಯಿಲೆ, ಪರೀಕ್ಷೆ, ಹೆರಿಗೆ ಇದ್ದಾಗ ಕ್ಲಬ್ಬಿಗೆ ಬರಬೇಡಿ. ಅಂಥ ಸಮಯದಲ್ಲಿ ನಿಮ್ಮ ಮನೆಗೆ ಬರಬೇಕಾದದ್ದು ಕ್ಲಬ್ಬು.

ಸಭೆಗಳು ಇಷ್ಟು ಉದ್ದ ಏಕೆ? ಕೆಲಸಕ್ಕಿಂತ ಭಾಷಣವೇ ಹೆಚ್ಚು.

ವರದಿಗಳನ್ನು ಓದಿ ಹೇಳುವುದೇ ಇದಕ್ಕೆ ಮುಖ್ಯ ಕಾರಣ. ಹಿಂದಿನ ಸಭೆಯ ನಡಾವಳಿ ಮತ್ತು ಲೆಕ್ಕಪತ್ರವನ್ನು ಎರಡು ದಿನ ಮೊದಲೇ ಎಲ್ಲರ ಮೊಬೈಲಿಗೆ ಕಳುಹಿಸಿ, ಸಭೆಯಲ್ಲಿ ತಿದ್ದುಪಡಿ ಇದೆಯೇ ಎಂದಷ್ಟೇ ಕೇಳಿದರೆ ಅರ್ಧ ಗಂಟೆ ಉಳಿಯುತ್ತದೆ. ಉಳಿದ ಸಮಯದಲ್ಲಿ ಸದಸ್ಯರಲ್ಲೇ ಒಬ್ಬರು ತಮ್ಮ ವೃತ್ತಿಯ ಬಗ್ಗೆ ಹತ್ತು ನಿಮಿಷ ಹೇಳಲಿ. ಬೇರೆ ಬೇರೆ ಉದ್ಯೋಗದವರನ್ನು ಒಂದೆಡೆ ಸೇರಿಸಿದ ಹಳೆಯ ಉದ್ದೇಶವೂ ಇದೇ ಆಗಿತ್ತು.

## ಕೆಲಸದ ಬಗ್ಗೆ

ಯಾವ ಯೋಜನೆ ಕೈಗೆತ್ತಿಕೊಳ್ಳಬೇಕು ಎಂದು ಹೇಗೆ ತೀರ್ಮಾನಿಸುವುದು?

ಯಾರಿಗಾಗಿ ಮಾಡುತ್ತೀರೋ ಅವರನ್ನು ಕೇಳಿ. ಇಷ್ಟು ಸರಳವಾದದ್ದನ್ನು ಕಲಿಯಲು ನಮಗೆ ಒಂದು ವರ್ಷ ಹಿಡಿಯಿತು. ನಾನು ಮೊದಲ ಸಲ ಕಾರ್ಯದರ್ಶಿಯಾಗಿದ್ದಾಗ ಒಂದು ಶಾಲೆಗೆ ನೀರು ಶುದ್ಧೀಕರಿಸುವ ಯಂತ್ರ ಕೊಟ್ಟೆವು. ಸಮಾರಂಭ ಚೆನ್ನಾಗಿ ಆಯಿತು, ಮಕ್ಕಳು ಸಾಲಾಗಿ ನಿಂತು ನೀರು ಕುಡಿದರು. ಮರುವರ್ಷ ಬೇರೆ ಕೆಲಸಕ್ಕೆ ಅತ್ತ ಹೋದಾಗ ಸುಮ್ಮನೆ ಒಳಗೆ ಹೊಕ್ಕು ನೋಡಿದೆ. ಯಂತ್ರದ ನಲ್ಲಿ ಒಣಗಿ ಧೂಳು ಹಿಡಿದಿತ್ತು, ಮಕ್ಕಳು ಅದರ ಪಕ್ಕದ ಹಳೆಯ ನಲ್ಲಿಗೇ ಬಾಯಿಟ್ಟು ಕುಡಿಯುತ್ತಿದ್ದರು. ಒಳಗಿನ ಸೋಸುವ ಕೊಳವೆ ನಾಲ್ಕೇ ತಿಂಗಳಲ್ಲಿ ಕಟ್ಟಿಕೊಂಡಿತ್ತಂತೆ. ಅದನ್ನು ಬದಲಿಸಬೇಕು ಎಂದು ನಾವು ಯಾರಿಗೂ ಹೇಳಿರಲಿಲ್ಲ, ಬದಲಿಸುವ ಖರ್ಚು ಯಾರದು ಎಂಬುದನ್ನೂ ಯೋಚಿಸಿರಲಿಲ್ಲ. ಮುಖ್ಯ ಶಿಕ್ಷಕಿ ಬೇಸರವಿಲ್ಲದೆ ಹೇಳಿದರು: "ಕೇಳಿದ್ದರೆ ಹೇಳುತ್ತಿದ್ದೆವು. ನಮಗೆ ತುರ್ತಾಗಿ ಬೇಕಾಗಿದ್ದದ್ದು ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲು."

ಬಾಗಿಲು ಹಾಕಿಸಿದೆವು. ಸೋಸುವ ಕೊಳವೆಯನ್ನೂ ಬದಲಿಸಿದೆವು. ಅದರ ದಿನಾಂಕವನ್ನು ಯಂತ್ರದ ಮೇಲೆಯೇ ಬರೆದೆವು. ಅಂದಿನಿಂದ ನಮ್ಮ ಮಂಡಳಿ ಯಾವ ಪ್ರಸ್ತಾವಕ್ಕೂ ಒಪ್ಪಿಗೆ ಕೊಡುವ ಮುನ್ನ ಮೂರು ಪ್ರಶ್ನೆ ಕೇಳುತ್ತದೆ. ಇದು ಬೇಕು ಎಂದವರು ಯಾರು? ಕೆಟ್ಟರೆ ಸರಿಪಡಿಸುವವರು ಯಾರು? ನಾವು ಮತ್ತೆ ಹೋಗಿ ನೋಡುವ ದಿನ ಯಾವುದು? ಮೂರನೆಯದಕ್ಕೆ ತಾರೀಖು ಬರೆಯದೆ ಹಣ ಬಿಡುಗಡೆಯಾಗದು. ಒಂದು ಕ್ಲಬ್ಬಿನ ಬೆಲೆ ಗೊತ್ತಾಗುವುದು ಉದ್ಘಾಟನೆಯ ದಿನವಲ್ಲ, ಈ ಮರುಭೇಟಿಯ ದಿನ ಎಂಬುದು ನನ್ನ ದೃಢವಾದ ನಂಬಿಕೆ.

ರಕ್ತದಾನ ಶಿಬಿರ ವರ್ಷಕ್ಕೊಂದು ದೊಡ್ಡದು ಮಾಡೋಣವೋ, ಸಣ್ಣವು ಹಲವು ಮಾಡೋಣವೋ?

ಸಣ್ಣವು, ಹಲವು. ಇದಕ್ಕೆ ಕಾರಣ ರಕ್ತದ ಆಯುಷ್ಯದಲ್ಲೇ ಇದೆ. ದಾನಿಯಿಂದ ತೆಗೆದ ರಕ್ತವನ್ನು ಅದರ ಅಂಶಗಳಾಗಿ ಬೇರ್ಪಡಿಸುತ್ತಾರೆ. ಕೆಂಪು ಕಣಗಳನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಟ್ಟರೂ, ಬಳಸಿದ ಸಂರಕ್ಷಕ ದ್ರಾವಣಕ್ಕೆ ತಕ್ಕಂತೆ 35ರಿಂದ 42 ದಿನ ಮಾತ್ರ ಬಳಸಲು ಯೋಗ್ಯ. ಪ್ಲೇಟ್‌ಲೆಟ್‌ಗಳನ್ನು 20ರಿಂದ 24 ಡಿಗ್ರಿಯಲ್ಲಿ ಸದಾ ಕುಲುಕುವ ಯಂತ್ರದಲ್ಲಿ ಇಡಬೇಕು. ಅವು ಸಾಮಾನ್ಯವಾಗಿ 5 ದಿನ ಬಾಳುತ್ತವೆ. ಒಂದೇ ದಿನ ನೂರಾರು ಚೀಲ ಸಂಗ್ರಹಿಸಿದರೆ ಒಂದಷ್ಟು ಅವಧಿ ಮೀರಿ ವ್ಯರ್ಥವಾಗುವ ಸಾಧ್ಯತೆ ಇದೆ. ಎರಡು ತಿಂಗಳ ನಂತರ ಅದೇ ರಕ್ತನಿಧಿ ದಾನಿಗಳಿಗಾಗಿ ಹುಡುಕುತ್ತಿರುತ್ತದೆ.

ಜೂನ್ 14 ವಿಶ್ವ ರಕ್ತದಾನಿಗಳ ದಿನ. ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಹುಟ್ಟಿದ ದಿನ ಅದು. ಅಂದು ಶಿಬಿರ ನಡೆಸುವ ಸಂಸ್ಥೆಗಳು ಬಹಳ. ನೀವು ರಕ್ತನಿಧಿಗೆ ಹೋಗಿ ವರ್ಷದ ಯಾವ ವಾರಗಳಲ್ಲಿ ಕೊರತೆ ಬರುತ್ತದೆ ಎಂದು ಕೇಳಿ, ಆ ವಾರಗಳನ್ನೇ ಹಿಡಿಯಿರಿ. ದೀರ್ಘ ರಜೆಗಳು, ಪರೀಕ್ಷೆಯ ದಿನಗಳು ಎಂಬ ಉತ್ತರ ಬರುವುದೇ ಹೆಚ್ಚು. ಹಿಮೋಗ್ಲೋಬಿನ್ ಕಡಿಮೆ ಇದ್ದು ವಾಪಸು ಹೋದವರ ಹೆಸರನ್ನೂ ಅವರ ಒಪ್ಪಿಗೆ ಪಡೆದು ಬರೆದುಕೊಳ್ಳಿ. ಹದಿನೈದು ದಿನ ಬಿಟ್ಟು ಒಂದು ಕರೆ ಮಾಡಿ, ವೈದ್ಯರನ್ನು ಕಂಡಿರಾ ಎಂದು ಕೇಳಿ. ರಕ್ತ ಕೊಡಲು ಬಂದ ಯುವತಿಯೊಬ್ಬರಿಗೆ ತೀವ್ರ ರಕ್ತಹೀನತೆ ಇರುವುದು ನಮಗೆ ಗೊತ್ತಾದದ್ದು ಹೀಗೆಯೇ.

ಪ್ರತಿವರ್ಷ ಸಸಿ ನೆಡುತ್ತೇವೆ, ಪ್ರತಿವರ್ಷ ಒಣಗುತ್ತವೆ.

ಐನೂರು ನೆಡುವ ಕಡೆ ಐವತ್ತು ನೆಡಿ. ಮೊದಲ ಎರಡು ಬೇಸಿಗೆ ನೀರು ಹಾಕುವವರು ಯಾರು ಎಂದು ಗುಂಡಿ ತೋಡುವ ಮುನ್ನವೇ ನಿರ್ಧರಿಸಿ. ಪ್ರತಿ ಸಸಿಗೆ ಒಂದು ಸಂಖ್ಯೆ, ಒಬ್ಬ ಹೊಣೆಗಾರ. ಆ ನೆಲಕ್ಕೆ ಒಗ್ಗುವ ಜಾತಿ, ದನಕರು ಬಾಯಿ ಹಾಕದಂತೆ ಬೇಲಿ, ಗಾಳಿಗೆ ಬಾಗದಂತೆ ಊರುಗೋಲು. ವರದಿಯಲ್ಲಿ ನೆಟ್ಟದ್ದೆಷ್ಟು ಎಂದು ಬರೆಯುವುದನ್ನು ಬಿಟ್ಟು, ವರ್ಷದ ನಂತರ ಎಣಿಸಿ ಉಳಿದದ್ದೆಷ್ಟು ಎಂದು ಬರೆಯಿರಿ. ಮೊದಲ ಸಲ ಹಾಗೆ ಬರೆದಾಗ ನಮ್ಮ ಅಂಕಿ ತೀರ ಸಣ್ಣದಾಗಿತ್ತು. ಅದನ್ನು ನೋಡಿದ ಮೇಲೆಯೇ ಸದಸ್ಯರು ಸಂಜೆ ಬಿಂದಿಗೆ ಹಿಡಿದು ಹೋಗತೊಡಗಿದ್ದು.

ಹಳೆಯ ಕನ್ನಡಕಗಳನ್ನು ಸಂಗ್ರಹಿಸಿ ಬಡವರಿಗೆ ಕೊಡೋಣ ಎಂದುಕೊಂಡಿದ್ದೇವೆ. ಸರಿಯೇ?

ಆಸೆ ಒಳ್ಳೆಯದು, ದಾರಿ ಅಷ್ಟು ಸರಿಯಲ್ಲ. ಒಬ್ಬರ ಕನ್ನಡಕ ಎಂದರೆ ಎಡಗಣ್ಣಿಗೊಂದು, ಬಲಗಣ್ಣಿಗೊಂದು ಶಕ್ತಿ, ಜೊತೆಗೆ ಎರಡೂ ಪಾಪೆಗಳ ನಡುವಿನ ಅಂತರಕ್ಕೆ ಹೊಂದಿಸಿದ ಗಾಜು. ಅದೇ ಜೋಡಿ ಮತ್ತೊಬ್ಬರಿಗೆ ಹೊಂದುವುದು ಅಪರೂಪ. ಗೀರು ಬಿದ್ದವನ್ನು ತೆಗೆದು, ತೊಳೆದು, ಅಳೆದು, ಚೀಟಿ ಅಂಟಿಸುವ ಶ್ರಮವನ್ನು ಲೆಕ್ಕ ಹಾಕಿದರೆ ಕಣ್ಣು ಪರೀಕ್ಷಿಸಿ ಹೊಸದನ್ನೇ ಮಾಡಿಸಿಕೊಡುವುದು ಮೇಲು. ಓದಲು ಮಾತ್ರ ತೊಂದರೆ ಇರುವ ನಲವತ್ತು ದಾಟಿದವರಿಗಂತೂ ಪರೀಕ್ಷೆಯ ನಂತರ ಸಿದ್ಧ ಕನ್ನಡಕ ಅಲ್ಲೇ ಕೊಡಬಹುದು.

ಕಣ್ಣಿನ ಕೆಲಸಕ್ಕೆ ಸೇವಾ ಕ್ಲಬ್ಬುಗಳಲ್ಲಿ ದೊಡ್ಡ ಪರಂಪರೆ ಇದೆ. 1925ರಲ್ಲಿ ಒಹಾಯೊದ ಸೀಡರ್ ಪಾಯಿಂಟ್‌ನಲ್ಲಿ ನಡೆದ ಲಯನ್ಸ್ ಸಮಾವೇಶದಲ್ಲಿ ಹೆಲೆನ್ ಕೆಲರ್ ಅಂಧರ ಪರವಾಗಿ ನಿಲ್ಲಿ ಎಂದು ನೆರೆದವರನ್ನು ಕೇಳಿಕೊಂಡರು. ಆ ಕೋರಿಕೆಯನ್ನು ಲಯನ್ಸ್ ಸದಸ್ಯರು ತಮ್ಮ ಕೆಲಸವಾಗಿಸಿಕೊಂಡರು. 1930ರಲ್ಲಿ ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ ಜಾರ್ಜ್ ಬೋನಮ್ ಎಂಬ ಲಯನ್ಸ್ ಸದಸ್ಯರು, ಕಪ್ಪು ಕೋಲು ಹಿಡಿದ ಅಂಧರೊಬ್ಬರು ರಸ್ತೆ ದಾಟಲಾಗದೆ ನಿಂತದ್ದನ್ನು ಕಂಡರು. ವಾಹನ ಓಡಿಸುವವರಿಗೆ ಆ ಕೋಲು ಕಾಣುತ್ತಲೇ ಇರಲಿಲ್ಲ. ಕೋಲಿಗೆ ಬಿಳಿ ಬಣ್ಣ ಬಳಿದು ಕೆಂಪು ಪಟ್ಟಿ ಹಾಕಿದರೆ ಹೇಗೆ ಎಂದು ಅವರ ಕ್ಲಬ್ಬು ಯೋಚಿಸಿತು, ಬಿಳಿ ಕೋಲು ಹಿಡಿದವರಿಗೆ ರಸ್ತೆಯಲ್ಲಿ ದಾರಿ ಬಿಡಬೇಕೆಂಬ ನಿಯಮವನ್ನೂ ನಗರಾಡಳಿತದಿಂದ ಮಾಡಿಸಿತು. ಒಬ್ಬರು ನಿಂತು ನೋಡಿದ್ದರಿಂದ ಇಷ್ಟಾಯಿತು.

ಫೋಟೊ ತೆಗೆಸಿಕೊಳ್ಳುವುದು ತಪ್ಪೇ? ಹಣ ಕೊಟ್ಟವರಿಗೆ ತೋರಿಸಬೇಕಲ್ಲ.

ತೋರಿಸಿ. ಕೆಲಸವನ್ನು ತೋರಿಸಿ, ಕೈಚಾಚಿದವರ ಮುಖವನ್ನಲ್ಲ. ದುರಸ್ತಿಯಾದ ಛಾವಣಿ, ತುಂಬಿದ ಪುಸ್ತಕದ ಕಪಾಟು, ಬೆವರುತ್ತಿರುವ ಸದಸ್ಯರು, ಇವು ಸಾಕು. ವ್ಯಕ್ತಿಯ ಚಿತ್ರ ಬೇಕೇ ಬೇಕಾದರೆ ಅವರ ಒಪ್ಪಿಗೆ ಕೇಳಿ. ವಸ್ತುವನ್ನು ಕೊಡುವ ಮೊದಲಲ್ಲ, ಕೊಟ್ಟ ಮೇಲೆ ಕೇಳಿ. ಆಗ ಮಾತ್ರ ಅವರು ಬೇಡ ಎನ್ನಲು ಸ್ವತಂತ್ರರು. ಮಕ್ಕಳ ವಿಷಯದಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಚಿತ್ರವೇ ಬೇಡ. ಮಕ್ಕಳ ಜೊತೆಗಿನ ಯಾವ ಕಾರ್ಯಕ್ರಮದಲ್ಲೂ ಒಬ್ಬ ಸದಸ್ಯರು ಒಬ್ಬಂಟಿಯಾಗಿ ಇರಕೂಡದು, ಕನಿಷ್ಠ ಇಬ್ಬರು ವಯಸ್ಕರು ಇರಲೇಬೇಕು ಎಂಬ ನಿಯಮವನ್ನೂ ಬರಹದಲ್ಲಿ ಇಡಿ.

ನಮ್ಮದು ಹದಿನಾರು ಜನರ ಕ್ಲಬ್. ಇಷ್ಟು ಸಣ್ಣ ಗುಂಪಿನಿಂದ ಏನು ಬದಲಾದೀತು?

ರೋಟರಿ ಪ್ರತಿಷ್ಠಾನಕ್ಕೆ 1918ರಲ್ಲಿ ಬಂದ ಮೊದಲ ದೇಣಿಗೆ 26 ಡಾಲರ್ 50 ಸೆಂಟ್, ಕೊಟ್ಟದ್ದು ಕಾನ್ಸಾಸ್ ಸಿಟಿಯ ಕ್ಲಬ್ಬು. ಅಂಥ ಆರಂಭದಿಂದ ಬೆಳೆದ ಸಂಸ್ಥೆಯೇ 1985ರಲ್ಲಿ ಪೋಲಿಯೊ ನಿರ್ಮೂಲನೆಗೆ ಹೊರಟದ್ದು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮುಂತಾದವುಗಳ ಜೊತೆ ಜಾಗತಿಕ ಅಭಿಯಾನ ಶುರುವಾದಾಗ ಸುಮಾರು 125 ದೇಶಗಳಲ್ಲಿ ವರ್ಷಕ್ಕೆ ಅಂದಾಜು 3.5 ಲಕ್ಷ ಮಕ್ಕಳು ಆ ರೋಗಕ್ಕೆ ತುತ್ತಾಗುತ್ತಿದ್ದರು. ಆ ಸಂಖ್ಯೆ ಶೇ 99ಕ್ಕೂ ಹೆಚ್ಚು ಇಳಿದಿದೆ.

ಅದರ ಒಂದು ಪಾಲನ್ನು ಹೊತ್ತದ್ದು ನಿಮ್ಮಂಥ ಸಣ್ಣ ಕ್ಲಬ್ಬುಗಳ ಸದಸ್ಯರು. ನಾನೂ ಲಸಿಕೆಯ ತಂಪುಪೆಟ್ಟಿಗೆ ಹೊತ್ತವನೇ. ಪ್ರತಿ ಸೀಸೆಯ ಮೇಲೆ ಒಂದು ಪುಟ್ಟ ವೃತ್ತ, ಅದರೊಳಗೆ ತಿಳಿಬಣ್ಣದ ಚೌಕ. ಲಸಿಕೆಗೆ ಶಾಖ ತಗುಲಿದಷ್ಟೂ ಆ ಚೌಕ ಕಪ್ಪಾಗುತ್ತದೆ. ಸುತ್ತಲಿನ ವೃತ್ತದಷ್ಟೇ ಕಪ್ಪಾದರೆ ಸೀಸೆಯನ್ನು ಬಳಸುವಂತಿಲ್ಲ. ಪ್ರತಿ ಮನೆಯ ಬಾಗಿಲಲ್ಲಿ ಆ ಚೌಕ ನೋಡಬೇಕು, ಎರಡು ಹನಿ ಹಾಕಬೇಕು, ಮಗುವಿನ ಕಿರುಬೆರಳಿಗೆ ಶಾಯಿ ಹಚ್ಚಬೇಕು. ಬಾಗಿಲು ಹಾಕಿದ್ದ ಮನೆಗಳಿಗೆ ಸಂಜೆ ಮತ್ತೆ ಹೋಗಬೇಕು. ರೋಗ ಉಳಿದುಕೊಳ್ಳುವುದು ಬಿಟ್ಟುಹೋದ ಮನೆಗಳಲ್ಲೇ ಆದ್ದರಿಂದ ಆ ಎರಡನೆಯ ಸುತ್ತೇ ಮುಖ್ಯ. ಅದಕ್ಕೆ ಹದಿನಾರು ಜನ ಧಾರಾಳ ಸಾಕು.

## ಹೊಣೆ ಹೊತ್ತವರಿಗೆ

ಲೆಕ್ಕಪತ್ರದ ಬಗ್ಗೆ ಗುಸುಗುಸು ಶುರುವಾಗಿದೆ. ಹೇಗೆ ತಡೆಯುವುದು?

ಎರಡು ಬ್ಯಾಂಕ್ ಖಾತೆ ಇಡಿ. ಸದಸ್ಯರ ಶುಲ್ಕ ಒಂದರಲ್ಲಿ. ಸಭೆ, ಔತಣ, ಅಂಚೆ, ಮುದ್ರಣ ಎಲ್ಲವೂ ಅದರಿಂದ. ಸಾರ್ವಜನಿಕರಿಂದ ಸೇವೆಗೆಂದು ಬಂದ ಹಣ ಇನ್ನೊಂದರಲ್ಲಿ. ಅದರಿಂದ ಒಂದು ಲೋಟ ಚಹಾ ಕೂಡ ಕುಡಿಯಕೂಡದು. ಲಯನ್ಸ್ ಸಂಸ್ಥೆಯಲ್ಲಿ ಇದು ನಿಯಮವೇ ಆಗಿದೆ. ಪ್ರತಿ ಪಾವತಿಗೆ ಇಬ್ಬರ ಸಹಿ, ಪ್ರತಿ ಯೋಜನೆ ಮುಗಿದ ತಿಂಗಳೊಳಗೆ ಖರ್ಚಿನ ಪಟ್ಟಿ ಎಲ್ಲರ ಕೈಗೆ. ಖಜಾಂಚಿ ಪ್ರಾಮಾಣಿಕರಾಗಿದ್ದಷ್ಟೂ ಈ ಕಟ್ಟುಪಾಡು ಬೇಕು, ಏಕೆಂದರೆ ಅದು ಮೊದಲು ಕಾಯುವುದು ಅವರ ಹೆಸರನ್ನೇ.

ಪ್ರತಿವರ್ಷ ಅಧ್ಯಕ್ಷರು ಬದಲಾಗುತ್ತಾರೆ. ಹೊಸಬರು ಹಳೆಯ ಯೋಜನೆಗಳನ್ನು ಕೈಬಿಡುತ್ತಾರೆ.

ರೋಟರಿ, ಲಯನ್ಸ್ ಎರಡರಲ್ಲೂ ಜುಲೈ 1ಕ್ಕೆ ಹೊಸ ವರ್ಷ, ಹೊಸ ತಂಡ. ಅಧಿಕಾರ ಒಬ್ಬರ ಕೈಯಲ್ಲಿ ಗಟ್ಟಿಯಾಗದಂತೆ ಮಾಡಿದ ಒಳ್ಳೆಯ ಏರ್ಪಾಡು ಅದು. ತೊಂದರೆ ಬರುವುದು ಪ್ರತಿಯೊಬ್ಬರೂ ತಮ್ಮ ಹೆಸರಿನ ಹೊಸ ಯೋಜನೆ ಬೇಕು ಎಂದಾಗ. ಹಿಂದಿನವರು, ಈಗಿನವರು, ಮುಂದಿನವರು, ಮೂವರೂ ಕೂತು ಮೂರು ವರ್ಷಕ್ಕೆ ಒಂದೇ ಮುಖ್ಯ ಯೋಜನೆ ಆರಿಸಲಿ. ಪ್ರತಿ ಯೋಜನೆಗೆ ಒಂದು ಕಡತ ಇರಲಿ: ಯಾರನ್ನು ಸಂಪರ್ಕಿಸಬೇಕು, ಏನು ಒಪ್ಪಂದ, ಮುಂದಿನ ಮರುಭೇಟಿ ಯಾವಾಗ. ಆ ಕಡತವನ್ನು ಅಧಿಕಾರ ಹಸ್ತಾಂತರದ ದಿನ ಕೊಟ್ಟರೆ ಸಾಲದು, ಹಳಬರು ಹೊಸಬರನ್ನು ಸ್ಥಳಕ್ಕೆ ಕರೆದುಕೊಂಡು ಹೋಗಿ ಅಲ್ಲಿನವರಿಗೆ ಪರಿಚಯಿಸಬೇಕು.

ಚುನಾವಣೆಗೆ ನಿಂತ ಸದಸ್ಯರೊಬ್ಬರು ನಮ್ಮ ಶಿಬಿರಕ್ಕೆ ಮುಖ್ಯ ಅತಿಥಿಯಾಗಿ ಬರುತ್ತೇನೆ ಎನ್ನುತ್ತಾರೆ.

ಬೇಡ ಎನ್ನಿ. ಫಲಿತಾಂಶ ಬಂದ ಮೇಲೆ ಎಂದಿನಂತೆ ಸದಸ್ಯರಾಗಿ ಬರಲಿ, ನೋಂದಣಿ ಮೇಜಿನಲ್ಲಿ ಕೂರಲಿ.

ಇಬ್ಬರು ಹಿರಿಯ ಸದಸ್ಯರು ಮಾತು ಬಿಟ್ಟಿದ್ದಾರೆ. ಕ್ಲಬ್ ಎರಡು ಪಾಲಾಗುತ್ತಿದೆ.

ಸಭೆಯಲ್ಲಿ ಇದನ್ನು ಎತ್ತಬೇಡಿ. ಹತ್ತು ಜನರ ಮುಂದೆ ಯಾರೂ ತಮ್ಮ ಮಾತಿನಿಂದ ಹಿಂದೆ ಸರಿಯುವುದಿಲ್ಲ. ಇಬ್ಬರಿಗೂ ಬೇಕಾದ ಒಬ್ಬರು ಇಬ್ಬರ ಮನೆಗೂ ಬೇರೆ ಬೇರೆಯಾಗಿ ಹೋಗಲಿ. ಹರ್ಬರ್ಟ್ ಟೇಲರ್ ಎಂಬವರು 1932ರಲ್ಲಿ, ದಿವಾಳಿಯ ಅಂಚಿನಲ್ಲಿದ್ದ ಪಾತ್ರೆ ಕಂಪನಿಯೊಂದನ್ನು ವಹಿಸಿಕೊಂಡಾಗ, ತಮ್ಮ ನೌಕರರಿಗೆ ನಾಲ್ಕು ಪ್ರಶ್ನೆ ಬರೆದುಕೊಟ್ಟರು. ನಾವು ಹೇಳುವುದು ಸತ್ಯವೇ, ಎಲ್ಲರಿಗೂ ನ್ಯಾಯವೇ, ಅದರಿಂದ ಸ್ನೇಹ ಬೆಳೆಯುತ್ತದೆಯೇ, ಎಲ್ಲರಿಗೂ ಹಿತವೇ ಎಂಬುದು ಅದರ ಸಾರ. ರೋಟರಿ ಅದನ್ನು 1943ರಲ್ಲಿ ತನ್ನದಾಗಿಸಿಕೊಂಡಿತು. ಸಭೆಯಲ್ಲಿ ಒಕ್ಕೊರಲಿನಿಂದ ಓದುವುದಕ್ಕಿಂತ ಇಂಥ ಜಗಳದ ಹೊತ್ತಿನಲ್ಲಿ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ನನ್ನ ಅನುಭವದಲ್ಲಿ ಇಂಥ ಮುನಿಸುಗಳ ಬೇರು ಹೆಚ್ಚಾಗಿ ಹಣದಲ್ಲಿ ಇರುವುದಿಲ್ಲ, ಎಂದೋ ಒಂದು ವೇದಿಕೆಯಲ್ಲಿ ಹೇಳದೇ ಬಿಟ್ಟ ಹೆಸರಿನಲ್ಲಿ ಇರುತ್ತದೆ. ಆ ಹೆಸರನ್ನು ತಡವಾಗಿಯಾದರೂ ಹೇಳಿ.

ಹಳೆಯ ಸದಸ್ಯರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸುತ್ತಿದ್ದಾರೆ. ಹೊಸಬರನ್ನು ಸೇರಿಸಿ ಸರಿದೂಗಿಸಬೇಕೇ?

ಹೊಸಬರು ಬರಲಿ. ಹೋದವರನ್ನು ಮಾತ್ರ ಹಾಜರಿ ಪುಸ್ತಕದಿಂದ ಹೊಡೆದುಹಾಕುವ ಮುನ್ನ ಹೋಗಿ ಕಾಣಿ. ಸತತ ಎರಡು ಸಭೆಗೆ ಬಾರದವರಿಗೆ ಮೂರನೆಯದರ ಮೊದಲು ಕರೆ ಹೋಗಬೇಕು, ಅದೂ ಕಾರ್ಯದರ್ಶಿಯಿಂದ ಅಲ್ಲ, ಅವರ ಪಕ್ಕದಲ್ಲಿ ಕೂರುತ್ತಿದ್ದವರಿಂದ. ಕಾರ್ಯದರ್ಶಿಯ ಕರೆ ಬಾಕಿ ಶುಲ್ಕದ ನೆನಪೋಲೆಯಂತೆ ಕೇಳುತ್ತದೆ.

ನಮ್ಮಲ್ಲಿ ಹದಿನೆಂಟು ವರ್ಷ ಲೆಕ್ಕ ಬರೆದ ಹಿರಿಯರೊಬ್ಬರು ಇದ್ದಕ್ಕಿದ್ದಂತೆ ಬರುವುದನ್ನು ಬಿಟ್ಟರು. ಆಸಕ್ತಿ ಹೋಗಿರಬೇಕು ಎಂದು ಎಂಟು ತಿಂಗಳು ಸುಮ್ಮನಿದ್ದೆವು. ಕೊನೆಗೆ ಇಬ್ಬರು ಮನೆಗೆ ಹೋದೆವು. ಅವರು ಬಾಗಿಲು ತೆರೆದು, ನಾವು ಮಾತಾಡಿದ ಮೇಲೆಯೇ ಯಾರು ಎಂದು ಗುರುತು ಹಿಡಿದದ್ದು. ಎರಡೂ ಕಣ್ಣಿಗೆ ಪೊರೆ. ರಾತ್ರಿ ಎದುರಿನ ವಾಹನದ ಬೆಳಕಿಗೆ ದಾರಿ ಕಾಣುತ್ತಿರಲಿಲ್ಲ, ಅದನ್ನು ಹೇಳಿಕೊಳ್ಳಲು ಸಂಕೋಚ. ನಾವೆಲ್ಲ ಆ ವರ್ಷ ಎರಡು ನೇತ್ರ ತಪಾಸಣಾ ಶಿಬಿರ ನಡೆಸಿದ್ದೆವು. ಅವರ ಮನೆಯಲ್ಲಿ ಆ ಹೊತ್ತು ಕೂತಿದ್ದಾಗ ಆದ ಸಂಕಟವನ್ನು ನಾನು ಮರೆಯಲಾರೆ.

ಶಸ್ತ್ರಚಿಕಿತ್ಸೆ ಆಯಿತು. ಸಭೆಯ ಸಮಯವನ್ನು ರಾತ್ರಿಯಿಂದ ಸಂಜೆ ಐದಕ್ಕೆ ತಂದೆವು. ಈಗ ಸರದಿಯ ಮೇಲೆ ಒಬ್ಬರು ಹೋಗಿ ಅವರನ್ನು ಕರೆತರುತ್ತಾರೆ. ಈ ತಿಂಗಳ ಸರದಿ ನನ್ನದು. ಲೆಕ್ಕದ ಪುಸ್ತಕ ಮತ್ತೆ ಅವರ ಕೈಯಲ್ಲೇ ಇದೆ.